ದೆಹಲಿ ಕೈಬಿಟ್ಟ ‘ಸಂಗತಿ’

ತಮಿಳು ಲೇಖಕಿ ಬಾಮಾ ಅವರ ‘ಸಂಗತಿ’ಯಲ್ಲಿ ಮರಿಯಮ್ಮ ಎಂಬ ದಲಿತ ಹುಡುಗಿ ಬರುತ್ತಾಳೆ. ಸೌದೆ ತರಲು ಹೋದವಳು ಬಾಯಾರಿ ಪಂಪ್‌ಸೆಟ್ಟಿನ ಹತ್ತಿರ ನೀರಿಗೆ ನಿಂತಾಗ ಜಮೀನಿನ ಒಡೆಯ ಮೈಮೇಲೆ ಕೈಹಾಕುತ್ತಾನೆ. ಅವಳು ತಪ್ಪಿಸಿಕೊಂಡು ಓಡುತ್ತಾಳೆ. ತನ್ನ ಮರ್ಯಾದೆ ಉಳಿಸಿಕೊಳ್ಳಲು ಆತ, ಅವಳಿಗೂ ಕೇರಿಯ ಮಾಣಿಕ್ಕಂ ಎಂಬ ಹುಡುಗನಿಗೂ ಸಂಬಂಧ ಕಟ್ಟಿ ಕೇರಿಯ ಯಜಮಾನನಿಗೆ ದೂರು ಕೊಡುತ್ತಾನೆ. ಪಂಚಾಯಿತಿ ಮಾಣಿಕ್ಕಂಗೆ 100 ರೂಪಾಯಿ ದಂಡ ಹಾಕಿದರೆ ಮರಿಯಮ್ಮನಿಗೆ 200 ಹಾಕುತ್ತದೆ.

ಹೆಣ್ಣಿಗೇಕೆ ಇಮ್ಮಡಿ? ‘ಸಂಗತಿ’ಯ ಬೆಲೆ ಇರುವುದು ಈ ಪ್ರಶ್ನೆಯಲ್ಲಿ. ಒಡೆಯನ ಜಾತಿಯನ್ನು ಬಯಲಿಗೆಳೆಯುವಷ್ಟೇ ನಿಷ್ಠುರವಾಗಿ ಬಾಮಾ ತಮ್ಮ ಕೇರಿಯ ಗಂಡಸರನ್ನೂ ನಿಲ್ಲಿಸಿ ಕೇಳುತ್ತಾರೆ. ನಿರೂಪಕಿಯ ಅಜ್ಜಿ ಹೇಳುವ ಕಥೆಗಳ ಕಸುವು ಮುಂದೆ ನಿರೂಪಕಿ ಉಪದೇಶಕ್ಕೆ ಇಳಿದಾಗ ಸಡಿಲವಾಗುತ್ತದೆ, ನಿಜ. ಆದರೂ ತನ್ನವರನ್ನೂ ಬಿಡದ ಇಂಥ ನೇರ ಬರವಣಿಗೆ ನಮ್ಮಲ್ಲಿ ಅಪರೂಪ.

2021ರ ಆಗಸ್ಟ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯ ಇಂಗ್ಲಿಷ್ ಆನರ್ಸ್‌ನ ಮಹಿಳಾ ಬರವಣಿಗೆಯ ಪಠ್ಯದಿಂದ ‘ಸಂಗತಿ’ಯನ್ನು ತೆಗೆದುಹಾಕಿತು. ತಮಿಳು ದಲಿತ ಕವಿ ಸುಕೀರ್ತರಾಣಿ ಅವರ ಎರಡು ಕವಿತೆಗಳೂ, ಮಹಾಶ್ವೇತಾ ದೇವಿಯವರ ‘ದ್ರೌಪದಿ’ ಕಥೆಯೂ ಹೋದವು. ಆ ಎರಡು ಕವಿತೆಗಳಲ್ಲೊಂದು ಮಲ ಬಳಿಯುವ ಹೆಂಗಸರನ್ನು ಕುರಿತದ್ದು. ವಿದ್ಯಾವಿಷಯಕ ಪರಿಷತ್ತಿನ 15 ಸದಸ್ಯರು ಲಿಖಿತ ಭಿನ್ನಮತ ಕೊಟ್ಟರೂ ತೀರ್ಮಾನ ಬದಲಾಗಲಿಲ್ಲ. ಪಠ್ಯ ಯಾರ ಭಾವನೆಯನ್ನೂ ನೋಯಿಸಬಾರದು ಎಂಬುದು ವಿಶ್ವವಿದ್ಯಾಲಯದ ಸಮರ್ಥನೆ.

ಈ ವಾದ ಕನ್ನಡಿಗರಿಗೆ ಹೊಸದಲ್ಲ. 1973ರಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಬಿ. ಬಸವಲಿಂಗಪ್ಪನವರು, ಭಾವನೆಗೆ ನೋವಾಯಿತೆಂಬ ಕೂಗೆದ್ದು, ಮಂತ್ರಿಗಿರಿ ಬಿಡಬೇಕಾಯಿತು. ಎರಡೇ ವರ್ಷದಲ್ಲಿ ದಲಿತ ಕವಿ ಸಿದ್ಧಲಿಂಗಯ್ಯನವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ಬಂತು. ನೋಯಿಸುವ ಕವಿತೆಯನ್ನು ಅಂದೇ ದೂರವಿಟ್ಟಿದ್ದರೆ ಕನ್ನಡ ಕಾವ್ಯ ಎಷ್ಟು ಬಡವಾಗುತ್ತಿತ್ತು! ನೋವು ಎಂದಾಗ ಲೆಕ್ಕಕ್ಕೆ ಬರುವುದು ಓದುವವರ ನೋವು ಮಾತ್ರವೇ? ಮಲ ಹೊತ್ತವಳ ನೋವು ಯಾರ ಲೆಕ್ಕಕ್ಕೆ?

ತೆಗೆದ ಜಾಗಕ್ಕೆ ತಂದದ್ದು ರಮಾಬಾಯಿಯವರನ್ನು. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ದೊಡ್ಡ ಲೇಖಕಿ, ಧೀರೆ. ಆದರೆ 1887ರ ಅವರ ಪ್ರಸಿದ್ಧ ಪುಸ್ತಕ ಮೇಲ್ಜಾತಿಯ ಹಿಂದೂ ಹೆಣ್ಣನ್ನು ಕುರಿತದ್ದು. ಎಳೆಯ ವಿಧವೆಯ ಸಂಕಟ ಅದರಲ್ಲಿದೆ. ಕೂಲಿಗೆ ಹೋಗಿ ಬಂದು ಗಂಡನ ಹೊಡೆತ ತಿಂದು, ಬೀದಿಗೆ ನಿಂತು ಅವನನ್ನು ಬೈದು ನೀರಿಳಿಸುವ ‘ಸಂಗತಿ’ಯ ಹೆಂಗಸು ಅದರಲ್ಲಿ ಸಿಗುವುದಿಲ್ಲ. ಒಬ್ಬರಿಗಾಗಿ ಇನ್ನೊಬ್ಬರನ್ನು ಎಬ್ಬಿಸಬೇಕಾಗಿರಲಿಲ್ಲ. ರಮಾಬಾಯಿ, ಬಾಮಾ ಇಬ್ಬರನ್ನೂ ಒಂದೇ ತರಗತಿಯಲ್ಲಿ, ಒಬ್ಬರ ಬೆನ್ನಿಗೆ ಒಬ್ಬರನ್ನು ಓದಿಸಬೇಕಿತ್ತು.