ಮೆಚ್ಚಿನ ಬಣ್ಣ ಮನಸ್ಸಿನ ಜಾತಕವಲ್ಲ

ಯಾವ ಬಣ್ಣ ಇಷ್ಟ ಎಂದು ಕೇಳುವುದು, ಉತ್ತರ ಬಂದ ಕೂಡಲೇ ಸ್ವಭಾವ ಇಂಥದ್ದು ಎಂದು ಹೇಳಿಬಿಡುವುದು ಪಶ್ಚಿಮ ಬೆಂಗಳೂರಿನಲ್ಲಿ ಈಗ ಸಾಮಾನ್ಯ ರೂಢಿ. ರಾಜಾಜಿನಗರದ ವ್ಯಕ್ತಿತ್ವ ವಿಕಸನ ತರಗತಿಯಿರಲಿ, ವಿಜಯನಗರದ ಮಕ್ಕಳ ಬೇಸಿಗೆ ಶಿಬಿರವಿರಲಿ, ಬಸವೇಶ್ವರನಗರದಲ್ಲಿ ಮನೆಗೆ ಪೇಂಟ್ ಮಾಡಿಸುವವರಿಗೆ ವಾಸ್ತು ಹೇಳುವವರಿರಲಿ, ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ ಪಟ್ಟಿ: ಕೆಂಪಾದರೆ ಛಲ ಮತ್ತು ಸಿಟ್ಟು, ನೀಲಿಯಾದರೆ ಶಾಂತಿ, ಹಳದಿಯಾದರೆ ಲವಲವಿಕೆ, ಕಪ್ಪಾದರೆ ಒಳಗೆಲ್ಲೋ ನೋವು. ಆಟವಾಗಿ ಉಳಿದಿದ್ದರೆ ತಕರಾರಿಲ್ಲ. ಆದರೆ ಈ ಪಟ್ಟಿ ಹಿಡಿದು ಮಕ್ಕಳನ್ನು ಅಳೆಯುತ್ತಾರೆ, ಕೆಲಸ ಕೇಳಿಕೊಂಡು ಬಂದವರ ಗುಣ ಹೇಳುತ್ತಾರೆ. ಆದ್ದರಿಂದ ಇದನ್ನು ಗಂಭೀರವಾಗಿಯೇ ಪರೀಕ್ಷಿಸಬೇಕು.

ಈ ರೂಢಿಗೆ ವಿಜ್ಞಾನದ ಗೌರವ ತಂದುಕೊಟ್ಟವರಲ್ಲಿ ಮುಖ್ಯರು ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಲೂಷರ್. 1947ರಲ್ಲಿ ಬಂದ ಅವರ ಪರೀಕ್ಷೆಯ ಚಿಕ್ಕ ರೂಪದಲ್ಲಿ ಎಂಟು ಬಣ್ಣದ ಕಾರ್ಡುಗಳಿವೆ: ಕಡುನೀಲಿ, ನೀಲಿ ಬೆರೆತ ಹಸಿರು, ಕಿತ್ತಳೆಗೆಂಪು, ಹಳದಿ, ನೇರಳೆ, ಕಂದು, ಕಪ್ಪು, ಬೂದು. ಹೆಚ್ಚು ಇಷ್ಟವಾದದ್ದರಿಂದ ಕಡಿಮೆ ಇಷ್ಟವಾದದ್ದರವರೆಗೆ ಅವನ್ನು ಸಾಲಾಗಿ ಜೋಡಿಸಬೇಕು, ಸ್ವಲ್ಪ ಹೊತ್ತಿನ ನಂತರ ಮತ್ತೊಮ್ಮೆ ಜೋಡಿಸಬೇಕು. ಯಾವ ಬಣ್ಣ ಯಾವ ಸ್ಥಾನದಲ್ಲಿ ಕೂತಿತು ಎಂಬುದರ ಮೇಲೆ ಆಸೆ, ಆತಂಕ, ಅದುಮಿಟ್ಟ ಭಾವನೆಗಳನ್ನೆಲ್ಲ ಹೇಳಿಬಿಡುತ್ತಾರೆ. ಕಪ್ಪು ಮೊದಲ ಸ್ಥಾನದಲ್ಲಿದ್ದರೆ ಬದುಕಿನ ವಿರುದ್ಧ ಪ್ರತಿಭಟನೆ ಎಂದು ಓದುತ್ತಾರೆ. 1969ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಈ ಪರೀಕ್ಷೆ ಜಗತ್ತೆಲ್ಲ ಸುತ್ತಿತು. ಆದರೆ ಮನೋವೈದ್ಯರು ನಂಬಿ ಬಳಸುವ ವ್ಯಕ್ತಿತ್ವ ಪರೀಕ್ಷೆಗಳ ಪಕ್ಕದಲ್ಲಿಟ್ಟು ನೋಡಿದಾಗ ಎರಡರ ಫಲಿತಾಂಶಗಳು ತಾಳೆಯಾಗಲಿಲ್ಲ.

ಹಾಗಿದ್ದರೂ ಫಲಿತಾಂಶ ಓದಿದವರು "ಇದು ನನ್ನ ಬಗ್ಗೆಯೇ ಬರೆದಂತಿದೆ" ಎನ್ನುವುದು ಯಾಕೆ? ಇದಕ್ಕೆ ಉತ್ತರವನ್ನು ಅಮೆರಿಕದ ಬರ್ಟ್ರಮ್ ಫೋರರ್ 1948ರಲ್ಲಿಯೇ ತೋರಿಸಿಕೊಟ್ಟರು. 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ವರದಿ ಎಂದು ಹೇಳಿ ಒಂದೇ ಬರಹವನ್ನು ಕೊಟ್ಟರು. ಎಷ್ಟು ನಿಜ ಎಂದು ಐದಕ್ಕೆ ಅಂಕ ಕೊಡಿ ಎಂದಾಗ ಬಂದ ಸರಾಸರಿ 4.26. "ಹೊರಗೆ ಗಟ್ಟಿ, ಒಳಗೆ ಮೃದು" ಎಂದರೆ ಯಾರು ತಾನೇ ಇಲ್ಲ ಎನ್ನುತ್ತಾರೆ? ಬಣ್ಣದ ಪಟ್ಟಿ ನಿಂತಿರುವುದೂ ಇಂಥ ಮಾತುಗಳ ಮೇಲೆಯೇ.

ಇನ್ನೊಂದು ತೊಡಕೂ ಇದೆ. ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ 1941ರಲ್ಲಿ, ಅದುವರೆಗಿನ ಅಧ್ಯಯನಗಳಲ್ಲಿ ಉತ್ತರಿಸಿದ್ದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಆಯ್ಕೆಗಳನ್ನು ಒಟ್ಟುಗೂಡಿಸಿದರು. ನೀಲಿ ಎಲ್ಲಕ್ಕಿಂತ ಮೇಲೆ ಬಂತು, ಆಮೇಲೆ ಕೆಂಪು ಮತ್ತು ಹಸಿರು. ನಂತರದ ಅನೇಕ ಅಧ್ಯಯನಗಳಲ್ಲೂ ನೀಲಿಯೇ ಮುಂದು. ಇಷ್ಟೊಂದು ಜನ ಮೆಚ್ಚುವ ಬಣ್ಣ ನಿಮ್ಮನ್ನು ಪಕ್ಕದ ಮನೆಯವರಿಂದ ಬೇರ್ಪಡಿಸಿ ತೋರಿಸುವುದಾದರೂ ಹೇಗೆ?

ಹಾಗೆಂದು ಬಣ್ಣದ ಇಷ್ಟ ಬರೀ ಅರ್ಥವಿಲ್ಲದ ಸಂಗತಿ ಎಂದು ನಾನು ಹೇಳುವುದಿಲ್ಲ. ಮನೋವಿಜ್ಞಾನಿಗಳಾದ ಸ್ಟೀಫನ್ ಪಾಮರ್ ಮತ್ತು ಕ್ಯಾರನ್ ಶ್ಲಾಸ್ 2010ರಲ್ಲಿ ಪ್ರಕಟಿಸಿದ ಸಂಶೋಧನೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಅವರ ಪ್ರಕಾರ ಒಂದು ಬಣ್ಣವನ್ನು ನಾವು ಮೆಚ್ಚುವುದು ಆ ಬಣ್ಣದ ವಸ್ತುಗಳ ಜೊತೆ ನಮಗಿರುವ ಒಳ್ಳೆಯ ಮತ್ತು ಕೆಟ್ಟ ಅನುಭವಗಳ ಒಟ್ಟು ಲೆಕ್ಕದಿಂದ. ಆಕಾಶ, ತಿಳಿನೀರು ನೀಲಿ. ಕೊಳೆತದ್ದು ಕಂದು ಬೆರೆತ ಹಳದಿ. ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ತಮ್ಮ ತಮ್ಮ ವಿಶ್ವವಿದ್ಯಾಲಯದ ಬಣ್ಣವೇ ಹೆಚ್ಚು ಇಷ್ಟ, ಅಭಿಮಾನ ಹೆಚ್ಚಿದಷ್ಟೂ ಆ ಇಷ್ಟವೂ ಹೆಚ್ಚು ಎಂಬುದನ್ನೂ ಇದೇ ತಂಡ ಕಂಡುಕೊಂಡಿತು. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಅರಿಶಿನ ಕುಂಕುಮದ ಕನ್ನಡ ಬಾವುಟವನ್ನು ನವೆಂಬರ್‌ನಲ್ಲಿ ಆಟೋ ನಿಲ್ದಾಣದಲ್ಲಿ ಏರಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್ 14ರಂದು ನೀಲಿ ಬಾವುಟ ಹಿಡಿದು ಅಂಬೇಡ್ಕರ್ ಜಯಂತಿಗೆ ಹೊರಡುವವರಿಗೂ ಅಷ್ಟೆ. ಗಾಯಕಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸೀರೆಯಿಂದ ಹೆಸರು ಪಡೆದ ಎಂ.ಎಸ್. ಬ್ಲೂ ಬಣ್ಣವನ್ನು ಇಂದಿಗೂ ಕೇಳಿ ಕೊಳ್ಳುವವರಿದ್ದಾರೆ. ಆ ನೀಲಿಯ ಜೊತೆ ಅವರಿಗೆ ಒಂದು ದನಿಯೂ ಸೇರಿಕೊಂಡಿದೆ.

ಹೀಗೆ ನೋಡಿದರೆ, ಒಂದು ಬಣ್ಣಕ್ಕೆ ಎಲ್ಲರಿಗೂ ಒಂದೇ ಅರ್ಥ ಎಂಬ ಪಟ್ಟಿ ನಮ್ಮ ಬೀದಿಗಳಲ್ಲೇ ಸೋಲುತ್ತದೆ. ಲೂಷರ್ ಪ್ರತಿಭಟನೆ ಎಂದು ಓದಿದ ಕಪ್ಪನ್ನು ಅಯ್ಯಪ್ಪ ಮಾಲೆ ಧರಿಸಿದವರು 41 ದಿನಗಳ ವ್ರತದಲ್ಲಿ ಭಕ್ತಿಯಿಂದ ಉಡುತ್ತಾರೆ. ಡಿಸೆಂಬರ್ ಜನವರಿಯಲ್ಲಿ ಕೆಂಗೇರಿಯ ಕಡೆ ಗುಂಪುಗುಂಪಾಗಿ ಕಾಣುವ ಕೆಂಪು ಸೀರೆಯ ಓಂ ಶಕ್ತಿ ಭಕ್ತೆಯರಲ್ಲಿರುವುದು ಹರಕೆ, ಸಿಟ್ಟಲ್ಲ. ಕೆಂಪಿಗೆ ಇನ್ನೊಂದು ಕಠೋರ ಅರ್ಥವೂ ನಮ್ಮಲ್ಲಿತ್ತು. ಹಳೇ ಮೈಸೂರಿನ ಸಂಪ್ರದಾಯಸ್ಥ ಬ್ರಾಹ್ಮಣ ಮನೆಗಳಲ್ಲಿ ಗಂಡ ಸತ್ತವಳ ಹಣೆಯ ಕುಂಕುಮ ಅಳಿಸಿ, ತಲೆ ಬೋಳಿಸಿ, ಕೆಂಪು ಸೀರೆ ಉಡಿಸುತ್ತಿದ್ದರು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ಓದಿದವರಿಗೆ ಅಂಥ ಬದುಕಿನ ಪರಿಚಯವಿದೆ. ಮದುವಣಗಿತ್ತಿಯ ಕೆಂಪಿಗೂ ಆ ಕೆಂಪಿಗೂ ಒಂದೇ ಅರ್ಥ ಹಚ್ಚುವ ಶಾಸ್ತ್ರ ಯಾವ ಮನಸ್ಸನ್ನೂ ಓದಲಾರದು.

ಈ ಉದಾಹರಣೆಯೇ ನನ್ನ ಮುಖ್ಯ ಆಕ್ಷೇಪಕ್ಕೆ ದಾರಿ. ಬಣ್ಣವನ್ನು ವ್ಯಕ್ತಿ ಸ್ವತಂತ್ರವಾಗಿ ಆರಿಸಿಕೊಳ್ಳುತ್ತಾಳೆ ಎಂದು ಈ ಪರೀಕ್ಷೆಗಳೆಲ್ಲ ಮೊದಲೇ ಭಾವಿಸಿಬಿಡುತ್ತವೆ. ರಾಜಾಜಿನಗರದ ಯಾವುದೇ ಸೀರೆ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ನೋಡಿ. ಹಾಸಿನ ಮೇಲೆ ಸೀರೆಗಳು ಒಂದರ ಮೇಲೊಂದು ಬೀಳುತ್ತವೆ: ಗಿಣಿ ಹಸಿರು, ಬದನೆಕಾಯಿ ಬಣ್ಣ, ಮಾವಿನ ಚಿಗುರು, ಈರುಳ್ಳಿ ಸಿಪ್ಪೆ. ಹುಡುಗಿಯ ಕೈ ಕೆಂಪಂಚಿನ ಕಪ್ಪು ಸೀರೆಯ ಮೇಲೆ ನಿಲ್ಲುತ್ತದೆ. "ಕಪ್ಪಾ? ಲಗ್ನದ ಮನೆಗೆ ಬೇಡಮ್ಮಾ" ಎನ್ನುತ್ತಾರೆ ತಾಯಿ. ಅವಳು ಹಳದಿ ಎತ್ತಿಕೊಂಡರೆ ಅತ್ತೆಯ ಮಾತು: "ನಿನ್ನ ಮೈಬಣ್ಣಕ್ಕೆ ಇದು ಒಪ್ಪಲ್ಲ ಕಣೇ, ಇನ್ನೂ ಕಪ್ಪಗೆ ಕಾಣ್ತೀಯ." ಬಿಲ್ ಆಗುವುದು ಈರುಳ್ಳಿ ಸಿಪ್ಪೆ ಬಣ್ಣದ್ದು. ಹೀಗೆ ಹತ್ತು ವರ್ಷ ಕಳೆದ ಮೇಲೆ ಯಾರಾದರೂ ಇಷ್ಟದ ಬಣ್ಣ ಕೇಳಿದರೆ ಅವಳೂ ಅದನ್ನೇ ಹೇಳುತ್ತಾಳೆ. ಆ ಉತ್ತರದಲ್ಲಿರುವುದು ಅವಳ ಸ್ವಭಾವವೋ, ಅವಳ ಮೈಬಣ್ಣದ ಬಗ್ಗೆ ಮನೆಯವರಿಗಿದ್ದ ಅಳುಕೋ? ಈ ಪ್ರಶ್ನೆ ಕೇಳದೆ "ನೀವು ಮೃದು ಸ್ವಭಾವದವರು" ಎಂದು ಬರೆದುಕೊಡುವುದು ಅನ್ಯಾಯ.

ನವರಾತ್ರಿಯಲ್ಲಿ ದಿನಕ್ಕೊಂದರಂತೆ ಉಡುವ ಒಂಬತ್ತು ಬಣ್ಣಗಳ ಬಗ್ಗೆ ನನ್ನ ನಿಲುವು ಬೇರೆ. ಈ ಪದ್ಧತಿ ಹಳೆಯ ಶಾಸ್ತ್ರದ್ದಲ್ಲ. 2000ದ ದಶಕದ ಆರಂಭದಲ್ಲಿ ಮುಂಬೈನ 'ಮಹಾರಾಷ್ಟ್ರ ಟೈಮ್ಸ್' ಪತ್ರಿಕೆ ಇದನ್ನು ಜನಪ್ರಿಯಗೊಳಿಸಿತು. ಮೊದಲ ಏಳು ದಿನದ ಬಣ್ಣಗಳು ವಾರದ ಲೆಕ್ಕದವು: ಭಾನುವಾರ ಕಿತ್ತಳೆ, ಸೋಮವಾರ ಬಿಳಿ, ಗುರುವಾರ ಹಳದಿ, ಶನಿವಾರ ಬೂದು. ಹಾಗಾಗಿ ಮೊದಲ ದಿನದ ದೇವಿ ಶೈಲಪುತ್ರಿಗೆ 2023ರಲ್ಲಿ ಕಿತ್ತಳೆ, 2024ರಲ್ಲಿ ಹಳದಿ, 2025ರಲ್ಲಿ ಬಿಳಿ ಬಂತು. ದೇವಿಯ ಗುಣಕ್ಕೂ ಬಣ್ಣಕ್ಕೂ ಗಂಟುಹಾಕಿ ಪ್ರತಿವರ್ಷ ಹಂಚುವ ವಿವರಣೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಆದರೂ ಆ ದಿನಗಳ ಬೆಳಗ್ಗೆ ಕೆಂಗೇರಿಯಿಂದ ಹೊರಡುವ ಮೆಟ್ರೊದಲ್ಲಿ ಅಪರಿಚಿತ ಹೆಂಗಸರು ಒಂದೇ ಬಣ್ಣ ಉಟ್ಟು ಒಬ್ಬರನ್ನೊಬ್ಬರು ನೋಡಿ ನಗುವುದು ನಿಜವಾದ ಸಂತೋಷ. ಅಲ್ಲಿ ಬಣ್ಣ ಜನರನ್ನು ಕೂಡಿಸುತ್ತದೆ, ಯಾರಿಗೂ ಹಣೆಪಟ್ಟಿ ಕಟ್ಟುವುದಿಲ್ಲ.

ನಮ್ಮ ಪರಂಪರೆಗೂ ಈ ವಿವೇಕವಿತ್ತು. ಭರತನ ನಾಟ್ಯಶಾಸ್ತ್ರ ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ ಎಂದು ಗೊತ್ತುಮಾಡಿತು. ಅದು ರಂಗದ ಮೇಲಿನ ರಸಕ್ಕೆ, ನಟನಿಗೂ ಪ್ರೇಕ್ಷಕನಿಗೂ ನಡುವಿನ ಒಪ್ಪಂದ. ಎದುರು ಕೂತವನಿಗೆ ಕೆಂಪು ಹಿಡಿಸಿದರೆ ಅವನು ಕೋಪಿಷ್ಠ ಎಂದು ಭರತ ಹೇಳಲಿಲ್ಲ.

ನನ್ನ ತೀರ್ಮಾನ ಇಷ್ಟು: ಮಾತು ಶುರುಮಾಡಲು ಮೆಚ್ಚಿನ ಬಣ್ಣ ಒಳ್ಳೆಯ ನೆಪ, ತೀರ್ಪು ಕೊಡಲು ಅಲ್ಲ. ಶಿಬಿರ ನಡೆಸುವವರು, ಶಿಕ್ಷಕರು, ಉದ್ಯೋಗ ಸಂದರ್ಶನ ಮಾಡುವವರು ಈ ಪಟ್ಟಿಯನ್ನು ಕೈಬಿಡಬೇಕು. ಮಗು ಚಿತ್ರಕ್ಕೆಲ್ಲ ಕಪ್ಪು ಬಳಿದರೆ "ಯಾಕೆ ಮಗೂ ಈ ಬಣ್ಣ?" ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಬೇರೆ ಕ್ರೆಯಾನ್ ಮುಗಿದಿತ್ತು ಎಂಬುದೇ ಕಾರಣವಿರಬಹುದು, ಮನೆಯಲ್ಲಿ ನಡೆದ ಜಗಳವೂ ಇರಬಹುದು. ಯಾವುದೆಂದು ಹೇಳಬಲ್ಲದ್ದು ಮಗು ಮಾತ್ರ. ಮನಸ್ಸಿಗೆ ನಿಜವಾಗಿ ನೋವಾಗಿದ್ದರೆ ಬಣ್ಣದ ಕಾರ್ಡು ಬೇಡ, ತರಬೇತಿ ಪಡೆದವರ ನೆರವು ಬೇಕು. ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.