ನೋವಿನ ನೋಟ್‌ಬುಕ್ ಓದುವವರಿಗೆ

ಕೋಲಾರ ಜಿಲ್ಲೆಯ ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನ ತೆಗೆದ ಮೇಲೆ ಸುರಿದ ಪುಡಿಯ ರಾಶಿಗಳು, ಅಂದರೆ ಸೈನೈಡ್ ಗುಡ್ಡಗಳು, ಮಾತ್ರ ಅಲ್ಲೇ ಉಳಿದವು. ಗಾಳಿ ಎದ್ದರೆ ಅವುಗಳ ಧೂಳು ಇಂದಿಗೂ ಮನೆಯೊಳಗೆ ಬರುತ್ತದೆ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರ ಅಳುಕೂ ಹಾಗೆಯೇ. ಅದನ್ನು ನೋಟ್‌ಬುಕ್‌ಗೆ ಇಳಿಸುವುದೂ ಬರಹದ ಒಂದು ಪ್ರಕಾರ. ಅಂಥ ಬರಹವನ್ನು ಓದುವುದಕ್ಕೂ ಅಭ್ಯಾಸ ಬೇಕು.

ಹುಟ್ಟು: ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದರಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸು ಕಲಕಿದ ಅನುಭವ ಬರೆದರು. ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಕ್ಯಾನ್ಸರ್ ದಾಟಿದವರಲ್ಲಿ ನಡೆದ ಅಧ್ಯಯನಗಳ ಫಲ ಒಂದೇ ತೆರನಾಗಿಲ್ಲ. ಬರಹ ಗೆಡ್ಡೆ ಕರಗಿಸದು. ಕೆಲವರ ಎದೆಭಾರ ಇಳಿಸುತ್ತದೆ.

ಅಪ್ಪಣೆ: ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’ ಸ್ತನ ಕ್ಯಾನ್ಸರ್‌ನ ಅನುಭವ ಕಥನ, ಓದುಗರಿಗಾಗಿ ಬಂದ ಪುಸ್ತಕ. ನೋಟ್‌ಬುಕ್ ಹಾಗಲ್ಲ, ಬರೆದವರು ಅದನ್ನು ಹರಿದು ಹಾಕಲೂಬಹುದು. ಕೊಟ್ಟ ಪುಟವನ್ನಷ್ಟೇ ಓದಿ.

ನುಡಿ: ಕೆಜಿಎಫ್‌ನವರು ಬರೆದ ಒಂದೇ ಪುಟದಲ್ಲಿ ಕನ್ನಡ, ತಮಿಳು, ತೆಲುಗು ಕೂಡಿ ಬರಬಹುದು. ನೋವು ಮನೆಮಾತಿನಲ್ಲೇ ಬಾಯಿ ಬಿಡುತ್ತದೆ. ಕಾಗುಣಿತ ತಿದ್ದಬೇಡಿ.

ಬೆಸುಗೆ: ಮೊದಲ ದಿನದ ಪುಟದಲ್ಲಿ ಘಟನೆಗಳು ಚೆಲ್ಲಾಡಿರುತ್ತವೆ: ಸೂಜಿ, ಉದುರಿದ ಕೂದಲು, ನೆಂಟರ ಪಿಸುಮಾತು. ಮೂರನೆಯ ದಿನ ‘ಯಾಕಂದ್ರೆ’, ‘ಅದಕ್ಕೇ’, ‘ಈಗ ಗೊತ್ತಾಗ್ತಿದೆ’ ಎಂಬ ಮಾತುಗಳು ಕಾಣಿಸಿದರೆ ಅಲ್ಲಿ ನಿಲ್ಲಿ. ಇಂಥ ಪದಗಳು ದಿನದಿಂದ ದಿನಕ್ಕೆ ಹೆಚ್ಚಿದವರಿಗೇ ಬರಹದಿಂದ ಹೆಚ್ಚು ಅನುಕೂಲವಾದದ್ದನ್ನು ಪೆನ್ನೆಬೇಕರ್ ಮುಂದೆ ಗುರುತಿಸಿದರು. ಈ ಪ್ರಕಾರದ ಸೊಗಸು ಇಲ್ಲಿದೆ, ಉಪಮೆಗಳಲ್ಲಿ ಅಲ್ಲ.

ಒಂದೇ ಸಂಗತಿ ಅದೇ ಮಾತುಗಳಲ್ಲಿ ಮತ್ತೆ ಮತ್ತೆ ಬಂದು, ಬರೆದಷ್ಟೂ ಸಂಕಟ ಹೆಚ್ಚುತ್ತಿದ್ದರೆ ಬರಹ ನಿಲ್ಲಲಿ, ವೈದ್ಯರೊಡನೆ ಮಾತು ನಡೆಯಲಿ.

ಓದಿದ ಮೇಲೆ: ‘ಚೆನ್ನಾಗಿ ಬರೆದಿದ್ದೀರಿ’ ಎನ್ನಬೇಡಿ, ‘ಧೈರ್ಯವಾಗಿರಿ’ ಎಂದೂ ಬೇಡ. ಪುಟದಲ್ಲಿ ಇದ್ದದ್ದನ್ನೇ ಹಿಡಿದು ಮಾತಾಡಿ: “ಹೋದ ಸಲ ತಪಾಸಣೆಗೆ ಒಬ್ಬರೇ ಹೋದಿರಂತೆ ಅಕ್ಕಾ. ಈ ಸಲ ಬಂಗಾರಪೇಟೆ ಸ್ಟೇಷನ್‌ನಲ್ಲಿ ಕಾಯ್ತಿರ್ತೀನಿ, ಬೆಂಗಳೂರಿಗೆ ಜೊತೆಗೇ ಹೋಗೋಣ.”