ಬೂಟಿಗೊಂದು ಗವಸು

ಬಾಂಗ್ ಜೂನ್-ಹೋ ನಿರ್ದೇಶನದ ಕೊರಿಯನ್ ಚಿತ್ರ ‘ಮೆಮೊರೀಸ್ ಆಫ್ ಮರ್ಡರ್’ (2003) ಬಗ್ಗೆ ನಮ್ಮಲ್ಲಿ ಯಾರು ಮಾತಾಡಿದರೂ ಕೊನೆಗೆ ಅದರ ಕೊನೆಯ ಶಾಟಿಗೇ ಬಂದು ಕೈಮುಗಿಯುತ್ತಾರೆ. ಪೊಲೀಸ್ ಕೆಲಸ ಬಿಟ್ಟು ವ್ಯಾಪಾರಕ್ಕಿಳಿದಿರುವ ಪಾರ್ಕ್, ಮೊದಲ ಹೆಣ ಸಿಕ್ಕಿದ್ದ ಗದ್ದೆಯ ಮೋರಿಯೊಳಗೆ ಇಣುಕುತ್ತಾನೆ. ಇನ್ನೊಬ್ಬರೂ ಹೀಗೇ ಬಂದು ನೋಡಿದ್ದರು ಎನ್ನುತ್ತಾಳೆ ದಾರಿಯಲ್ಲಿ ಹೊರಟಿದ್ದ ಒಬ್ಬ ಹುಡುಗಿ. ಮುಖ ಹೇಗಿತ್ತು ಎಂದರೆ, ಎಲ್ಲರ ಹಾಗೇ ಇತ್ತು. ಪಾರ್ಕ್ ಪಾತ್ರದ ನಟ ಸಾಂಗ್ ಕಾಂಗ್-ಹೋ ತಿರುಗಿ ನೇರ ಕ್ಯಾಮೆರಾವನ್ನು ದಿಟ್ಟಿಸುತ್ತಾನೆ. ಸಿಕ್ಕದೆ ಉಳಿದ ಕೊಲೆಗಾರ ಪ್ರೇಕ್ಷಕರ ನಡುವೆ ಕೂತಿದ್ದರೆ ಅವನನ್ನು ನೋಡಲೆಂದೇ ಇಟ್ಟ ನೋಟವಿದು. ಬಾಂಗ್‌ನ ‘ಪ್ಯಾರಸೈಟ್’ಗೆ ಆಸ್ಕರ್ ಬಂದ ಮೇಲಂತೂ ಈ ನೋಟದ ಮಹಿಮೆ ಇನ್ನೂ ಬೆಳೆದಿದೆ.

ನನ್ನ ನೆಮ್ಮದಿ ಕೆಡಿಸಿದ್ದು ಬೇರೆ ದೃಶ್ಯ. ಠಾಣೆಯ ನೆಲಮಾಳಿಗೆಯಲ್ಲಿ ಮೂವರು ಕೂತು ಊಟ ಮಾಡುತ್ತಾರೆ.

ಕತೆ ಗೊತ್ತಿದ್ದದ್ದೇ. 1986ರಿಂದ 1991ರವರೆಗೆ ಹ್ವಾಸಾಂಗ್ ಎಂಬ ಹಳ್ಳಿಗಾಡಿನಲ್ಲಿ ಹತ್ತು ಮಂದಿ ಹೆಣ್ಣುಮಕ್ಕಳ ಕೊಲೆಯಾಯಿತು. ಚಿತ್ರದಲ್ಲಿ ಪೊಲೀಸರು ಮೊದಲು ಎಳೆದು ತರುವುದು ಕ್ವಾಂಗ್-ಹೋ ಎಂಬ ಬುದ್ಧಿ ಸಾಲದ ಹುಡುಗನನ್ನು. ಅವನ ಬಾಯಿ ಬಿಡಿಸುವ ಕೆಲಸ ಚೋ ಎಂಬ ಪೊಲೀಸಿನವನದು. ಒದೆಯುವ ಮುಂಚೆ ಚೋ ತನ್ನ ಬೂಟಿಗೆ ಬಟ್ಟೆಯ ಗವಸು ಹಾಕಿಕೊಳ್ಳುತ್ತಾನೆ, ಮೈಮೇಲೆ ಗುರುತು ಉಳಿಯಬಾರದಲ್ಲ. ಪಾರ್ಕ್ ಅದೇ ಹುಡುಗನ ಶೂ ತಂದು ಕೊಲೆಯಾದ ಜಾಗದ ಮಣ್ಣಿನಲ್ಲಿ ಹೆಜ್ಜೆಗುರುತು ಮೂಡಿಸುತ್ತಾನೆ. ಆಮೇಲೆ ಅವನಿಗೊಂದು ಹೊಸ ಶೂ ಕೊಡಿಸುತ್ತಾನೆ. ಅದು ನೈಕಿ ಅಲ್ಲ, ನೈಸ್. ಇಲ್ಲಿ ಪ್ರೇಕ್ಷಕರು ನಗುತ್ತಾರೆ. ನಗಲೆಂದೇ ಇಟ್ಟ ಜಾಗ.

ಊಟದ ದೃಶ್ಯ ಬರುವುದು ಇದರ ನಡುವೆ. ಒದ್ದವರೂ ಒದೆಸಿಕೊಂಡವನೂ ಒಟ್ಟಿಗೆ ಕೂತು ಕಪ್ಪು ಸಾಸಿನ ನೂಡಲ್ಸ್ ತಿನ್ನುತ್ತಾರೆ. ಟಿವಿಯಲ್ಲಿ ಆ ಕಾಲದ ಜನಪ್ರಿಯ ಪೊಲೀಸ್ ಧಾರಾವಾಹಿ. ಅದರ ಸಂಗೀತ ಶುರುವಾದದ್ದೇ ಮೂವರೂ ಖುಷಿಯಾಗುತ್ತಾರೆ. ಇಂಥ ಕಡೆ ಬಾಂಗ್‌ನ ಕೈಚಳಕವನ್ನು ಯಾರೂ ಅಲ್ಲಗಳೆಯಲಾರರು. ಸುಳ್ಳು ಪೊಲೀಸರನ್ನು ನಿಜ ಪೊಲೀಸರು ಬಾಯಿ ಬಿಟ್ಟು ನೋಡುವ ವ್ಯಂಗ್ಯವಿದೆ. ಹಿಂಸೆ ಇವರಿಗೆ ದಿನದ ಕೂಲಿಯಷ್ಟೇ ಮಾಮೂಲು ಎಂಬ ಸೂಚನೆಯೂ ಇದೆ. ವಿಮರ್ಶಕರು ಇದನ್ನೆಲ್ಲ ಹೇಳಿ ಮುಗಿಸಿದ್ದಾರೆ. ಆದರೆ ಆ ಹುಡುಗ ಇಲ್ಲಿ ಯಾರ ಪಕ್ಕದಲ್ಲಿ ಕೂತಿದ್ದಾನೆ, ಯಾವ ಧೈರ್ಯದ ಮೇಲೆ ತಿನ್ನುತ್ತಿದ್ದಾನೆ ಎಂಬುದನ್ನು ಕ್ಯಾಮೆರಾ ಕೇಳುವುದಿಲ್ಲ. ಮೂವರನ್ನೂ ಒಂದೇ ಮನೆಯವರ ಹಾಗೆ ಒಂದೇ ಫ್ರೇಮಿನಲ್ಲಿ ಕೂರಿಸಿಬಿಡುತ್ತದೆ. ಒದೆ ತಿಂದವನ ಭಯ ಆ ಫ್ರೇಮಿನಿಂದ ಹೊರಗೆ ಉಳಿಯುತ್ತದೆ, ಪೊಲೀಸರ ಪೆದ್ದುತನ ಮಾತ್ರ ಒಳಗಿರುತ್ತದೆ. ಪೆದ್ದರ ಮೇಲೆ ನಮಗೆ ಅಕ್ಕರೆ ಹುಟ್ಟುವುದು ಎಷ್ಟು ಹೊತ್ತು?

ಇದಕ್ಕಿಂತ ದೊಡ್ಡ ತಕರಾರು ಕತೆ ಹೆಣೆದ ರೀತಿಯಲ್ಲಿದೆ. ಕ್ವಾಂಗ್-ಹೋನನ್ನು ಕಾಡಿಗೆ ಎಳೆದೊಯ್ದು, ಹೂಳುತ್ತೇವೆಂದು ಹೆದರಿಸಿದಾಗ ಅವನು ಕೊಲೆಯ ವಿವರ ಒದರುತ್ತಾನೆ. ಆ ವಿವರ ಸುಳ್ಳಲ್ಲ, ಅವನು ಕೊಲೆಯನ್ನು ಕಣ್ಣಾರೆ ಕಂಡ ಸಾಕ್ಷಿ ಎಂದು ಎಷ್ಟೋ ಹೊತ್ತಿನ ಮೇಲೆ ತಿಳಿಯುತ್ತದೆ. ಅಂದರೆ ಬಡಿದದ್ದಕ್ಕೆ ಫಲ ಸಿಕ್ಕಿತ್ತು, ಇವರಿಗೆ ಅದು ತಿಳಿಯಲಿಲ್ಲ ಅಷ್ಟೆ! ಅವನು ರೈಲಿಗೆ ಸಿಕ್ಕಿ ಸಾಯುವಾಗ ನಮ್ಮ ಮರುಕ ಹರಿಯುವುದು ಸಾಕ್ಷಿ ಕಳೆದುಕೊಂಡ ಪತ್ತೇದಾರರ ಕಡೆಗೆ.

ಚೋಗೆ ಶಿಕ್ಷೆಯಾಗುತ್ತದಲ್ಲ ಎನ್ನುತ್ತಾರೆ. ಹೌದು, ಮೊಳೆ ಹೊಡೆದ ಹಲಗೆಯ ಏಟಿಗೆ ಧನುರ್ವಾಯು ಹತ್ತಿ, ಒದೆಯುತ್ತಿದ್ದ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಮೇಲಧಿಕಾರಿಯೂ ಎತ್ತಂಗಡಿಯಾಗುತ್ತಾನೆ. ಆದರೆ ಒಂದು ಶಿಕ್ಷೆ ಕೊಟ್ಟದ್ದು ವಿಧಿ, ಇನ್ನೊಂದು ಪತ್ರಿಕೆಯವರ ಮುಂದೆ ಇಲಾಖೆಯ ಮಾನ ಹೋದದ್ದಕ್ಕೆ. ಕೇಸು ಬೀಳುವುದು ಯಾರ ಮೇಲೂ ಇಲ್ಲ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು, ಚರಿತ್ರೆ ಸುಮ್ಮನಿದ್ದಿದ್ದರೆ. ಗುಪ್ತಾಂಗದ ಒಂದು ರೋಮವನ್ನೂ ಬಿಟ್ಟು ಹೋಗಿಲ್ಲವಾದ್ದರಿಂದ ಕೊಲೆಗಾರನಿಗೆ ಅಲ್ಲಿ ರೋಮವೇ ಇರಲಾರದು ಎಂದು ಪಾರ್ಕ್ ತರ್ಕಿಸಿ, ಸಾರ್ವಜನಿಕ ಸ್ನಾನಗೃಹಗಳಲ್ಲಿ ಕೂತು ಬೆತ್ತಲೆ ಗಂಡಸರನ್ನು ತಪಾಸಣೆ ಮಾಡುವ ಪ್ರಸಂಗವೊಂದಿದೆ. ಚಿತ್ರದಲ್ಲಿ ಅತಿ ಹೆಚ್ಚು ನಗು ಗಿಟ್ಟಿಸುವ ಭಾಗಗಳಲ್ಲಿ ಅದೂ ಒಂದು. ನಿಜದ ಹ್ವಾಸಾಂಗ್‌ನಲ್ಲಿ ರೋಮದ ಕತೆ ಬೇರೆಯೇ. 1988ರಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ತನ್ನ ಮನೆಯಲ್ಲೇ ಕೊಲೆಯಾದಳು. ಅದು ಎಂಟನೆಯ ಕೊಲೆ. ಅಲ್ಲಿ ಸಿಕ್ಕ ರೋಮವನ್ನು ಐಸೊಟೋಪ್ ಪರೀಕ್ಷೆಗೆ ಒಡ್ಡಿ, ಮರುವರ್ಷ ಕೃಷಿ ಯಂತ್ರ ರಿಪೇರಿ ಮಾಡುತ್ತಿದ್ದ ಇಪ್ಪತ್ತೆರಡರ ಯುವಕನನ್ನು ಹಿಡಿದರು. ಪೋಲಿಯೊದಿಂದ ಅವನ ಒಂದು ಕಾಲು ಸೋತಿತ್ತು. ನಿದ್ದೆ ಮಾಡಲು ಬಿಡದೆ ತಪ್ಪೊಪ್ಪಿಗೆ ಬರೆಸಿಕೊಂಡರು. ಹೊಡೆದು ಒಪ್ಪಿಸಿದರು ಎಂದು ಅವನು ಮೇಲ್ಮನವಿಯಲ್ಲಿ ಹೇಳಿಕೊಂಡರೂ ಯಾರೂ ಕೇಳಲಿಲ್ಲ. ಹೊರಬಂದದ್ದು 2009ರಲ್ಲಿ. ಈ ಚಿತ್ರ ತೆರೆ ಕಂಡು ಜನ ನಗುತ್ತಿದ್ದಾಗ ಅವನು ಜೈಲಿನಲ್ಲಿದ್ದ.

ಅವನು ನಿರಪರಾಧಿ ಎಂದು ಬಾಂಗ್‌ಗೆ 2003ರಲ್ಲಿ ಗೊತ್ತಿರಲು ಸಾಧ್ಯವಿರಲಿಲ್ಲ, ಒಪ್ಪೋಣ. ಆದರೆ ಬೂಟಿನ ಗವಸು ಅವನಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದವನು ‘ಕೊಲೆಗಾರ ಸಿಗಲಿಲ್ಲ’ ಎಂಬ ಕೊರಗಿನ ಸುತ್ತ ಇಡೀ ಚಿತ್ರ ಕಟ್ಟಿದ. ‘ಸಿಕ್ಕಿದವರ ಗತಿ ಏನಾಯಿತು’ ಎಂಬ ಪ್ರಶ್ನೆಯನ್ನು ಹಾಸ್ಯಕ್ಕೆ ಬಿಟ್ಟುಕೊಟ್ಟ.

ಇಷ್ಟು ಹೇಳಿದರೆ ನಮ್ಮ ಚಿತ್ರೋತ್ಸವದ ಪಂಡಿತರು ‘ಇದು ಸರ್ವಾಧಿಕಾರದ ರೂಪಕ’ ಎನ್ನುತ್ತಾರೆ. ಪಡೆಗಳೆಲ್ಲ ಪ್ರತಿಭಟನೆ ಹತ್ತಿಕ್ಕಲು ಹೋಗಿದ್ದರಿಂದ ಕೊಲೆಯ ರಾತ್ರಿ ಕಾವಲಿಗೆ ಪೊಲೀಸರೇ ಸಿಗುವುದಿಲ್ಲ ಎಂಬ ಸಂಗತಿ ಚಿತ್ರದಲ್ಲಿದೆ, ಬಲವಾಗಿಯೇ ಇದೆ. ಆದರೆ ರೂಪಕವೆಂದರೆ ಸಾಕು, ಚೋನ ಕಾಲು ಚೋನದಾಗಿ ಉಳಿಯುವುದಿಲ್ಲ, ವ್ಯವಸ್ಥೆಯ ಕಾಲಾಗಿಬಿಡುತ್ತದೆ. ಇದೇ ಪಂಡಿತರು ಕನ್ನಡದ ‘ದಂಡುಪಾಳ್ಯ’ (2012) ಬಂದಾಗ ಮೂಗು ಮುಚ್ಚಿಕೊಂಡಿದ್ದರು. ನಾನೂ ಅದನ್ನು ಬೈದವನೇ. ಕ್ರೌರ್ಯವನ್ನು ಅದು ಚಪ್ಪರಿಸುತ್ತದೆ, ಆ ಮಾತಿಗೆ ಈಗಲೂ ಬದ್ಧ. ಆದರೆ ಪೊಲೀಸ್ ಏಟನ್ನು ನಗುವಿಗೆ ಒದಗಿಸುವುದೂ ಚಪ್ಪರಿಕೆಯೇ ತಾನೆ? ಕೊರಿಯಾದ್ದಾದರೆ ಶೈಲಿ, ಹೊಸಕೋಟೆ ಕಡೆಯದಾದರೆ ಅಭಿರುಚಿಹೀನತೆ! ‘ದಂಡುಪಾಳ್ಯ’ದ ಎರಡನೆಯ ಭಾಗ, ಎಷ್ಟೇ ಒಡ್ಡೊಡ್ಡಾಗಿದ್ದರೂ, ಲಾಕಪ್ಪಿನಲ್ಲಿ ಬಡಿಸಿಕೊಂಡವರ ಬಾಯಿಂದ ಕತೆ ಹೇಳಿಸಲು ಹೊರಟಿತ್ತು. ಅದನ್ನು ಇವರಲ್ಲಿ ಎಷ್ಟು ಜನ ನೋಡಿದರೋ ಕಾಣೆ.

ಉತ್ತಮ ಅಳತೆಗೋಲು ಬೇಕೆಂದರೆ ಪಕ್ಕದ ತಮಿಳಿನಲ್ಲಿದೆ. ವೆಟ್ರಿಮಾರನ್ ಅವರ ‘ವಿಸಾರಣೈ’ (2015) ಗುಂಟೂರಿನ ಠಾಣೆಯಲ್ಲಿ ಸುಳ್ಳು ಕೇಸಿಗೆ ಸಿಕ್ಕಿ ಏಟು ತಿಂದ ಆಟೋ ಚಾಲಕ ಎಂ. ಚಂದ್ರಕುಮಾರ್ ಸ್ವತಃ ಬರೆದ ‘ಲಾಕಪ್’ ಪುಸ್ತಕದಿಂದ ಹುಟ್ಟಿದ್ದು. ಅಲ್ಲಿ ಕ್ಯಾಮೆರಾ ಹೊಡೆಸಿಕೊಂಡವರ ಜತೆ ನೆಲದ ಮೇಲಿರುತ್ತದೆ. ಪೊಲೀಸರ ದಣಿವನ್ನೂ ನಾವು ನೋಡುವುದು ಕೆಳಗಿನಿಂದಲೇ. ಆ ಏಟುಗಳಿಗೆ ಯಾರೂ ನಗಲಾರರು.

ಕೊನೆಯ ನೋಟಕ್ಕೆ ಸಿಕ್ಕ ಉತ್ತರವೂ ದಾಖಲಾಗಿದೆ. 2019ರಲ್ಲಿ ಡಿಎನ್ಎ ಸುಳಿವಿನಿಂದ ಗುರುತು ಸಿಕ್ಕ ಲೀ ಚುನ್-ಜೇ, ನಾದಿನಿಯ ಕೊಲೆಗಾಗಿ ಅದಾಗಲೇ ದಶಕಗಳಿಂದ ಜೈಲಿನಲ್ಲಿದ್ದ. ಎಂಟನೆಯದೂ ಸೇರಿ ಹದಿನಾಲ್ಕು ಕೊಲೆ ಒಪ್ಪಿಕೊಂಡ. ಕಾಲಮಿತಿ ಮೀರಿದ್ದರಿಂದ ಹ್ವಾಸಾಂಗ್ ಕೊಲೆಗಳಿಗೆ ಅವನನ್ನು ಶಿಕ್ಷಿಸುವಂತಿರಲಿಲ್ಲ. 2020ರಲ್ಲಿ ಆ ರಿಪೇರಿ ಯುವಕನ ಮರುವಿಚಾರಣೆಗೆ ಸಾಕ್ಷಿಯಾಗಿ ಬಂದಾಗ, ಈ ಸಿನಿಮಾ ನೋಡಿದ್ದೇನೆ, ಸಿನಿಮಾ ಅಂತ ನೋಡಿದೆ, ಏನೂ ಅನ್ನಿಸಲಿಲ್ಲ ಎಂದ. ಅದೇ ಡಿಸೆಂಬರಿನಲ್ಲಿ, ಬಂಧನವಾಗಿ ಮೂವತ್ತೊಂದು ವರ್ಷಗಳ ಮೇಲೆ, ಆ ಯುವಕ ನಿರ್ದೋಷಿ ಎಂದು ಕೋರ್ಟು ಸಾರಿತು.

ಮಳೆ, ಗದ್ದೆ, ಕತ್ತಲೆಯನ್ನು ಬಳಸಿಕೊಂಡ ಪತ್ತೇದಾರಿ ಚಿತ್ರವಾಗಿ ‘ಮೆಮೊರೀಸ್ ಆಫ್ ಮರ್ಡರ್’ಗೆ ಸಾಟಿ ಕಡಿಮೆ. ಪೊಲೀಸ್ ಹಿಂಸೆಯ ವಿಮರ್ಶೆಯೆಂದು ಅದನ್ನು ಚಲನಚಿತ್ರ ಶಿಬಿರಗಳಲ್ಲಿ ಪಾಠ ಮಾಡುವವರು ಮಾತ್ರ ದಯವಿಟ್ಟು ಮೊದಲು ‘ವಿಸಾರಣೈ’ ತೋರಿಸಲಿ. ನೆಲಮಾಳಿಗೆಯ ಊಟಕ್ಕೆ ಶಿಬಿರಾರ್ಥಿಗಳು ಆಮೇಲೂ ನಗುತ್ತಾರೋ ನೋಡಲಿ.